ತಳ ಉಜ್ಜಲು ನಿಲ್ಲಿಸಿದೆವು

ಮಾರ್ಲಿಂಗ್‌ಸೀ, ಎಸೆಕ್ಸ್
೨೮ ಜುಲೈ ೧೯೯೫, ಶುಕ್ರವಾರ

ಪ್ರೀತಿಯ ಕ್ಲೈವ್,

ನಿನ್ನ ಬೆನ್ನು ಹೇಗಿದೆ? ಡರ್ಬನ್ನಿನಿಂದ ನೀನು ಹಾಕಿದ ಕಾಗದದಲ್ಲಿ ಎಂಜಿನ್ ಕೋಣೆಯ ಸೆಕೆಯ ಬಗ್ಗೆ ಒಂದು ಇಡೀ ಪುಟ ಇತ್ತು, ಬೆನ್ನಿನ ಬಗ್ಗೆ ಒಂದು ಮಾತೂ ಇರಲಿಲ್ಲ. ಹಾಗಾಗಿ ನೋವು ಹೆಚ್ಚಾಗಿದೆ ಎಂದೇ ತಿಳಿದುಕೊಂಡಿದ್ದೇನೆ. ಮುಲಾಮು ಮುಗಿದಿದ್ದರೆ ಸಿಂಗಾಪುರದಲ್ಲಿ ಹಡಗು ನಿಂತಾಗ ತೆಗೆದುಕೋ, ಭಾರ ಎತ್ತಬೇಡ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಮೂರು ವಾರದಿಂದ ಮಳೆಯಿಲ್ಲ. ಬೀನ್ಸ್ ಬಳ್ಳಿಗೆ ಪಾತ್ರೆ ತೊಳೆದ ನೀರು ಹಾಕಿ ಉಳಿಸಿಕೊಂಡಿದ್ದೇನೆ. ನಿನ್ನ ಅಮ್ಮನ ಮೂಗು ಬಿಸಿಲಿಗೆ ಕೆಂಪಾಗಿ ಸಿಪ್ಪೆ ಏಳುತ್ತಿದೆ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ದೋಣಿ ಕ್ಲಬ್ಬಿನ ಕಾರ್ಯದರ್ಶಿಯಾಗಿ ನಾರ್ಮನ್ ಪೆಗ್ಲರ್ ನಿನಗೊಂದು ಕಾಗದ ಹಾಕಿದ್ದಾನೆ. ನನ್ನದಕ್ಕಿಂತ ಮೊದಲೇ ಅದು ನಿನ್ನ ಕೈ ಸೇರಿದ್ದರೂ ಆಶ್ಚರ್ಯವಿಲ್ಲ. ಅದರಲ್ಲಿರುವುದು ಸುಳ್ಳಲ್ಲ. ಕಳೆದ ಶನಿವಾರ ನಾನು ನಮ್ಮ ದೋಣಿ ‘ಡನ್ಲಿನ್’ ಅನ್ನು ಹೊರದಿಬ್ಬದ ಕೆಸರಿಗೆ ಏರಿಸಿದೆ. ನಿನ್ನ ಅಮ್ಮ ಜೊತೆಗಿದ್ದರು. ಹನ್ನೊಂದು ಗಂಟೆ ಹೊತ್ತು ಅಲ್ಲೇ ವಾಲಿಕೊಂಡು ಕೂತಿದ್ದೆವು. ದೋಣಿಗೆ ಒಂದು ಗೀರೂ ಆಗಿಲ್ಲ. ಇಷ್ಟನ್ನು ಓದಿ ನೀನು ಒಮ್ಮೆ ಎದ್ದು ಓಡಾಡಿ ಬಾ, ಉಳಿದದ್ದನ್ನು ಆಮೇಲೆ ಓದು.

ತಪ್ಪು ನನ್ನದೇ. ಎಲ್ಲಿ ತಪ್ಪಿದೆ ಎಂಬುದೂ ಗೊತ್ತು. ಉಬ್ಬರ ಇಳಿತದ ಪಟ್ಟಿಯ ಪುಸ್ತಕದಲ್ಲಿ ಅಚ್ಚಾಗಿರುವುದು ಚಳಿಗಾಲದ ಗಡಿಯಾರ. ಬೇಸಿಗೆಯಲ್ಲಿ ಗಡಿಯಾರ ಮುಂದಿಟ್ಟ ಮೇಲೆ ನಾವೇ ಒಂದು ಗಂಟೆ ಸೇರಿಸಿಕೊಳ್ಳಬೇಕು. ನೀನು ಜನವರಿಯಲ್ಲೇ ಅಡುಗೆಮನೆ ಮೇಜಿನ ಮುಂದೆ ಕೂತು, ಬೇಸಿಗೆಯ ದಿನಗಳಿಗೆಲ್ಲ ಆ ಗಂಟೆ ಸೇರಿಸಿ ಪೆನ್ಸಿಲಿನಲ್ಲಿ ಬರೆದಿಟ್ಟು ಹೋಗಿದ್ದೆ. ನಾನು ನಿನ್ನ ಪೆನ್ಸಿಲ್ ಅಂಕಿಗೆ ಮತ್ತೊಂದು ಗಂಟೆ ಸೇರಿಸಿದೆ. ಎಂಟು ಐವತ್ತೈದಕ್ಕೆ ತುಂಬಿ ಇಳಿಯಲು ಶುರುವಾಗುವ ನೀರು ನನ್ನ ಲೆಕ್ಕದಲ್ಲಿ ಒಂಬತ್ತು ಐವತ್ತೈದರವರೆಗೂ ಏರಬೇಕಿತ್ತು. ಇದನ್ನು ನಿನ್ನ ತಲೆಗೆ ಕಟ್ಟಬಹುದಲ್ಲ ಎಂದು ಎರಡು ದಿನ ಯೋಚಿಸಿದೆ. ಆಗಲಿಲ್ಲ. ಪುಟದ ನೆತ್ತಿಯಲ್ಲೇ ‘ಗಂಟೆ ಸೇರಿಸಿದೆ’ ಎಂದು ನೀನು ಬರೆದಿದ್ದೀಯ.

ದಿಬ್ಬದ ಮೇಲಿನ ಅಡ್ಡದಾರಿಯಲ್ಲಿ, ದಾರಿ ತೋರಿಸುವ ಮೂರನೇ ಗೂಟ ದಾಟುವ ಹೊತ್ತಿಗೆ, ತಳದ ಕಬ್ಬಿಣ ಮೆತ್ತಗೆ ನೆಲ ಮುಟ್ಟಿತು. ಒಂಬತ್ತೂವರೆ. ಆ ಕ್ಷಣ ಎಂಜಿನ್ ಹಿಂದಕ್ಕೆ ಓಡಿಸಿದ್ದರೆ ಬಿಡಿಸಿಕೊಂಡು ಬರುತ್ತಿದ್ದೆವು. ನಾನು ಏನು ಮಾಡಿದೆ ಗೊತ್ತಾ? ಇನ್ನೂ ಇಪ್ಪತ್ತು ನಿಮಿಷಕ್ಕೂ ಮೇಲೆ ನೀರು ಏರುತ್ತದೆ, ತಾನಾಗಿಯೇ ಎತ್ತಿಕೊಳ್ಳುತ್ತದೆ ಎಂದು ಚಹಾಕ್ಕೆ ನೀರಿಟ್ಟೆ. ನಿನ್ನ ಅಮ್ಮ ಬಿಸ್ಕತ್ತು ಅದ್ದುತ್ತಾ ಬಲಗಡೆಗೇ ನೋಡುತ್ತಿದ್ದವರು ಕೊನೆಗೆ ಬಾಯಿ ಬಿಟ್ಟರು. “ಹುಡುಗೀ, ನೀರು ಏರೋದು ಅಂದ್ರೆ ಹೀಗೇನಾ? ಅಲ್ಲೊಂದು ಹಕ್ಕಿ ನಡ್ಕೊಂಡು ಹೋಗ್ತಿದೆ ನೋಡು.” ಆಗಷ್ಟೇ ಈಜುತ್ತಿದ್ದ ಹಕ್ಕಿ. ನಾನು ಓಡಿ ಎಂಜಿನ್ ಶುರು ಮಾಡಿದೆ. ಬರೀ ಕೆಸರು ಕಲಕಿತು. ಲೋಟಗಳು ಮೇಜಿನಿಂದ ಒಂದೊಂದಾಗಿ ಜಾರತೊಡಗಿದವು.

ಅಷ್ಟರಲ್ಲಿ ನಾರ್ಮನ್ ತನ್ನ ದೋಣಿಯಲ್ಲಿ ಆಳದ ಕಾಲುವೆ ಹಿಡಿದು ಬಂದ. ಹತ್ತಿರ ಬರುವಷ್ಟು ನೀರಿರಲಿಲ್ಲ, ಕೂಗಿದ. “ಏನಮ್ಮಾ ಬ್ರೆಂಡಾ, ಪಿಕ್ನಿಕ್ಕಾ?” ನಾನು ನಕ್ಕೆ. ಆಮೇಲೆ ಅವನು ಯಾವಾಗಲೂ ಕೊಡುವ ಆ ಬುದ್ಧಿಮಾತನ್ನೇ ಕೊಟ್ಟ. “ಸುಮ್ನೆ ಕೂತ್ಕೋಬೇಡಮ್ಮಾ, ಬ್ರಷ್ ತಗೊಂಡು ಕೆಳಗಿಳಿ!” ನಮ್ಮ ಈ ತೀರದಲ್ಲಿ ಕೆಸರಿಗೆ ಏರಿದ ಗಂಡಸು ಮೊದಲು ಮಾಡುವ ಕೆಲಸ ಅದೇ ಅಲ್ಲವೆ? ಬ್ರಷ್ ಹಿಡಿದು ದೋಣಿಯ ತಳ ಉಜ್ಜುವುದು. ಹಾದುಹೋಗುವವರು ಬೇಕೆಂದೇ ನಿಲ್ಲಿಸಿದ್ದಾನೆ ಎಂದುಕೊಳ್ಳಬೇಕು. ಬ್ರಷ್ ನನ್ನ ಕಾಲ ಬಳಿಯೇ ಇತ್ತು. ನಾನು ಅದನ್ನು ಮುಟ್ಟಲಿಲ್ಲ. “ಇಲ್ಲ ನಾರ್ಮನ್, ಲೆಕ್ಕ ತಪ್ಪಿ ಏರ್ಸಿದೀನಿ!” ಎಂದು ನಾನೂ ಕೂಗಿದೆ. ನೀರಿನ ಮೇಲೆ ದನಿ ಎಷ್ಟು ದೂರ ಹೋಗುತ್ತದೆಂದು ನಿನಗೆ ಗೊತ್ತು. ಆಚೆ ದಡದಲ್ಲಿ ನಾಯಿ ಅಡ್ಡಾಡಿಸುತ್ತಿದ್ದವರೂ ತಿರುಗಿ ನೋಡಿದರು.

ಯಾಕೆ ಹಾಗೆ ಕೂಗಿದೆ ಎಂದು ಅವತ್ತಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಧೈರ್ಯವೋ, ನಾರ್ಮನ್‌ನ ಮುಖ ನೋಡಿ ಬಂದ ಹಠವೋ. ಹಠದ ಪಾಲೇ ದೊಡ್ಡದಿರಬೇಕು. ಆದರೆ ಹಠದಿಂದ ಹೇಳಿದೆ ಅನ್ನುವ ಕಾರಣಕ್ಕೆ ನಿಜ ಸುಳ್ಳಾಗುವುದಿಲ್ಲ.

ದಿನ ಉದ್ದವಾಗಿತ್ತು. ಸುತ್ತ ತೊಡೆಯವರೆಗೆ ಹೂತುಹೋಗುವ ಕೆಸರು, ನಡೆದು ದಡ ಸೇರುವ ಮಾತೇ ಇಲ್ಲ. ಹಾಯಿಯನ್ನು ಅಡ್ಡ ಕಟ್ಟಿ ನೆರಳು ಮಾಡಿದೆ. ಹಂದಿಮಾಂಸದ ಪೈ, ಟೊಮ್ಯಾಟೊ ತಿಂದೆವು. ಬಕೆಟ್ಟಿನ ವಿಷಯ ಬರೆಯುವುದಿಲ್ಲ, ನಿನ್ನ ಅಮ್ಮನೇ ಊರಿಗೆಲ್ಲ ಹೇಳಿದ್ದಾರೆ. ಇಸ್ಪೀಟು ಆಡಿದೆವು. ಎಲೆಗಳೆಲ್ಲ ನನ್ನ ಕಡೆಗೇ ಜಾರುತ್ತಿದ್ದವು, ಅವರು ನನ್ನ ಮೇಲೆ ಮೋಸದ ಆಪಾದನೆ ಹೊರಿಸಿದರು. ನೀರು ಎರಡೇ ಬಾಟಲಿ ಇತ್ತು, ಅದು ನನ್ನ ಎರಡನೇ ತಪ್ಪು. ಮಧ್ಯಾಹ್ನ ಎರಡರ ಸುಮಾರಿಗೆ ನಿನ್ನ ಅಮ್ಮ ಮಾತು ನಿಲ್ಲಿಸಿದರು. ಮುಖ ಕೆಂಪಾಗಿತ್ತು, ಕಣ್ಣು ಮುಚ್ಚಿತ್ತು. ಒದ್ದೆ ಬಟ್ಟೆ ಅವರ ಕುತ್ತಿಗೆಗೆ ಇಟ್ಟು, ಲೈಫ್‌ಬೋಟಿನವರನ್ನು ಕರೆಯಲೆಂದು ರೇಡಿಯೋ ಮೇಲೆ ಕೈಯಿಟ್ಟು ಕೂತೆ. ಅರ್ಧ ಗಂಟೆಯ ಮೇಲೆ ಅವರು ಕಣ್ಣು ಬಿಟ್ಟು, “ಸತ್ತಿಲ್ಲ ಕಣೇ, ನಿದ್ದೆ ಬಂತು” ಅಂದರು. ಆ ಅರ್ಧ ಗಂಟೆಯನ್ನು ನಾನು ಕ್ಲಬ್ಬಿನಲ್ಲಿ ಯಾರಿಗೂ ಹೇಳಿಲ್ಲ. ನಿನಗೆ ಹೇಳುತ್ತಿದ್ದೇನೆ, ಯಾಕೆಂದರೆ ಅವರು ನಿನ್ನ ತಾಯಿ. ಅದಕ್ಕೆ ನೀನು ಬೈದರೆ ಕೇಳುತ್ತೇನೆ.

ಎದ್ದ ಮೇಲೆ ಅವರು ಒಂದು ಮಾತು ಹೇಳಿದರು. ನಿನ್ನ ಅಪ್ಪ ಮೂವತ್ತು ವರ್ಷ ಸರಕು ದೋಣಿ ನಡೆಸಿದರಲ್ಲ, ಒಂದು ಸಲವೂ ಇವರನ್ನು ಹತ್ತಿಸಿಕೊಂಡಿರಲಿಲ್ಲವಂತೆ. “ಅವ್ನು ಬರೋ ತನ್ಕ ಆ ದಡದ ಕಟ್ಟೆ ಮೇಲೆ ನಿಂತು ನಿಂತು ಕಾಲು ಊದ್ತಿತ್ತು. ಇಲ್ಲಿಂದ ನೋಡಿದ್ರೆ ಕಟ್ಟೆ ಎಷ್ಟು ಚಿಕ್ದು ಮಾರಾಯ್ತಿ! ಇಷ್ಟಕ್ಕಾ ನಾನು ಹೆದರ್ಕೊಂಡಿದ್ದು?” ಸಂಜೆ ಎಂಟೂವರೆಗೆ, ಇನ್ನೂ ಬೆಳಕಿರುವಾಗಲೇ, ಮತ್ತೆ ನೀರು ತುಂಬಿ ದೋಣಿ ಒಮ್ಮೆ ಮೈ ಮುರಿದು ಎದ್ದಿತು. ಅವರು ಚಪ್ಪಾಳೆ ತಟ್ಟಿದರು.

ಇನ್ನು ನಿಜವಾದ ತಕರಾರು. ದೋಣಿ ಕಟ್ಟಿಹಾಕಿ ಬಂದವರು ಕ್ಲಬ್ಬಿನ ಪುಸ್ತಕದಲ್ಲಿ ಎರಡು ಮಾತು ಬರೆಯಬೇಕಲ್ಲ. ನಾನು ಬರೆದೆ: ‘ನನ್ನ ತಪ್ಪು ಲೆಕ್ಕದಿಂದ ಹೊರದಿಬ್ಬಕ್ಕೆ ಏರಿಸಿದೆ. ಹನ್ನೊಂದು ಗಂಟೆ. ದಿಬ್ಬ ಮೂರನೇ ಗೂಟದವರೆಗೆ ಬೆಳೆದಿದೆ, ಎಚ್ಚರ.’ ಬುಧವಾರ ಸಂಜೆ ಸಮಿತಿಯವರು ಕರೆಸಿದರು. ಮೂವರು ಗಂಡಸರು, ಒಂದು ತಟ್ಟೆ ಸ್ಯಾಂಡ್‌ವಿಚ್. ನಾರ್ಮನ್ ಬಹಳ ಮೃದುವಾಗಿ ಮಾತಾಡಿದ. “ಯಾರೂ ನಿನ್ನನ್ನ ದೂರ್ತಿಲ್ಲಮ್ಮಾ. ಆ ಸಾಲು ಹೊಡ್ದ್‌ಹಾಕಿ, ಎಲ್ರೂ ಬರೆಯೋ ಹಾಗೆ ಬರ್ದುಬಿಡು. ಇನ್ಶೂರೆನ್ಸಿನವರ ಕಣ್ಣಿಗೆ ಬಿದ್ರೆ ಇಡೀ ಕ್ಲಬ್ಬಿಗೆ ತೊಂದ್ರೆ.” ಎಲ್ಲರೂ ಏನು ಬರೆಯುತ್ತಾರೆ ಎಂದು ಕೇಳಿದೆ. ಅವನು ಸೀಲಿಂಗ್ ನೋಡಿದ. ಸಾಲು ಹೊಡೆಯದಿದ್ದರೆ, ದಡದಿಂದ ಡನ್ಲಿನ್‌ವರೆಗೆ ಹೋಗುವ ಪುಟ್ಟ ದೋಣಿಗಳ ಶೆಡ್ಡಿನ ಕೀಲಿಯನ್ನು ನೀನು ಬರುವ ತನಕ ಸಮಿತಿಯ ವಶಕ್ಕೆ ಒಪ್ಪಿಸಬೇಕಂತೆ. “ಸುರಕ್ಷತೆ ದೃಷ್ಟಿಯಿಂದ ಅಷ್ಟೆ. ಎಪ್ಪತ್ತಾರು ವರ್ಷದವರ ಪ್ರಾಣದ ಪ್ರಶ್ನೆ ನೋಡು.”

ಹೊರಗೆ ಬೆಂಚಿನ ಮೇಲೆ ಕೂತಿದ್ದ ಎಪ್ಪತ್ತಾರು ವರ್ಷದವರು ಕೈಚೀಲ ಸಮೇತ ಒಳಗೆ ಬಂದರು. “ನನ್ ಪ್ರಾಣ ನನ್ ಹತ್ರಾನೇ ಇತ್ತು ನಾರ್ಮನ್. ನಿನ್ನ ಮೂಗು ಒರೆಸ್ದೋಳು ನಾನು, ನಂಗೆ ಸುರಕ್ಷತೆ ಹೇಳ್ಕೊಡ್ತೀಯಾ?” ಎಂದು ಎರಡು ಸ್ಯಾಂಡ್‌ವಿಚ್ ಎತ್ತಿಕೊಂಡು ಕೂತರು.

ನಾನು ಪುಸ್ತಕ ತೆರೆದು ಹಿಂದಕ್ಕೆ ತಿರುವಿದೆ. ಆರು ವರ್ಷದಲ್ಲಿ ಅದೇ ದಿಬ್ಬದ ಬಗ್ಗೆ ಹನ್ನೊಂದು ಸಾಲುಗಳು ‘ತಳ ಉಜ್ಜಲು ನಿಲ್ಲಿಸಿದೆವು’ ಎನ್ನುತ್ತವೆ. ನಾರ್ಮನ್ ಎರಡು ಸಲ ಉಜ್ಜಿದ್ದಾನೆ, ಒಮ್ಮೆ ನವೆಂಬರಿನ ಚಳಿಯಲ್ಲಿ. ಇಷ್ಟು ಶುಚಿಯಾದ ದೋಣಿಗಳು ಇಡೀ ಇಂಗ್ಲೆಂಡಿನಲ್ಲಿ ಇರಲಾರವು. ಎರಡು ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಈ ವಸಂತದಲ್ಲಿ ಕ್ಲಬ್ಬಿಗೆ ಸೇರಿದ ದಂಪತಿ ಹೋದ ತಿಂಗಳು ಇದೇ ಪುಸ್ತಕ ಓದಿ, ಅಡ್ಡದಾರಿ ಚೆನ್ನಾಗಿರಬೇಕಲ್ಲ ಎಂದು ನನ್ನನ್ನು ಕೇಳಿದ್ದರು. ಚೆನ್ನಾಗಿದೆ ಎಂದಿದ್ದೆ. ನಾನೂ ಪುಸ್ತಕದ ಮಾತನ್ನೇ ತಿರುಗಿ ಹೇಳಿದವಳು. ಅವರು ಏರಿದ್ದರೆ, ಆ ಮಕ್ಕಳಿಗೆ ಎರಡು ಬಾಟಲಿ ನೀರು ಸಾಲುತ್ತಿರಲಿಲ್ಲ. ಗಂಡಸರು ಏರಿಸಿದರೆ ಬ್ರಷ್ಷು, ನಾನು ಏರಿಸಿದರೆ ಸಮಿತಿ ಎಂಬ ಸಿಟ್ಟೂ ನನಗಿದೆ, ಇಲ್ಲ ಎನ್ನುವುದಿಲ್ಲ. ಆದರೆ ಆ ಸಿಟ್ಟು ನಾಳೆ ಇಳಿದರೂ ಸಾಲು ಹೊಡೆಯುವುದಿಲ್ಲ. ಹಾಗೆಂದು ಅವರಿಗೆ ಹೇಳಿದೆ. ಕೀಲಿಯನ್ನೂ ಕೊಡುವುದಿಲ್ಲ ಎಂದೆ. ಆಗಸ್ಟ್ ಹತ್ತೊಂಬತ್ತಕ್ಕೆ ಎಲ್ಲ ಸದಸ್ಯರ ಸಭೆ ಕರೆದಿದ್ದಾರೆ, ನನ್ನನ್ನು ಕ್ಲಬ್ಬಿನಿಂದ ತೆಗೆಯಬೇಕೋ ಬೇಡವೋ ಎಂದು ಕೈ ಎತ್ತಿಸುತ್ತಾರೆ. ಅಲ್ಲಿ ಎದ್ದು ನಿಂತು ಹನ್ನೊಂದೂ ಸಾಲುಗಳನ್ನು ತಾರೀಖಿನೊಂದಿಗೆ ಗಟ್ಟಿಯಾಗಿ ಓದುತ್ತೇನೆ, ಮೂರನೇ ಗೂಟದ ಹತ್ತಿರ ಹುಟ್ಟು ಇಳಿಸಿ ನಾನೇ ಅಳೆದ ಆಳವನ್ನೂ ಹೇಳುತ್ತೇನೆ. ತೆಗೆಯುವುದಾದರೆ ಅದನ್ನು ಕೇಳಿಸಿಕೊಂಡು ತೆಗೆಯಲಿ. ಅಲ್ಲಿಯವರೆಗೆ ಪ್ರತಿ ಶನಿವಾರ ದೋಣಿ ಬಿಚ್ಚುತ್ತೇನೆ. ನಾಳೆಯೂ. ಡನ್ಲಿನ್‌ನ ಕಾಗದಪತ್ರದಲ್ಲಿ ಇಬ್ಬರ ಹೆಸರೂ ಇದೆ.

ನಿನ್ನ ಅಮ್ಮ ಪಕ್ಕದಲ್ಲೇ ಕೂತು ನಾಳೆಗೆ ಟೋಪಿಗೆ ದಾರ ಹೊಲಿಯುತ್ತಿದ್ದಾರೆ. ನಿನಗೆ ಮುತ್ತು ಕಳಿಸಿದ್ದಾರೆ, ಉಪ್ಪು ಕಡಿಮೆ ತಿನ್ನಬೇಕಂತೆ, ಹಡಗಿನ ಅಡುಗೆಯವನಿಗೂ ಹಾಗೆ ಹೇಳಬೇಕಂತೆ. ನಿನ್ನ ಸಮುದ್ರ ಶಾಂತವಾಗಿರಲಿ, ನಿನ್ನ ಬೆನ್ನಿಗೆ ಒಳ್ಳೆಯ ನಿದ್ದೆ ಸಿಗಲಿ.

ನಿನ್ನವಳೇ,
ಬ್ರೆಂಡಾ

ಮತ್ತೆ: ಐದೂವರೆಗೆ ಅಂಚೆಯವನು ಡಬ್ಬಿ ಖಾಲಿ ಮಾಡುತ್ತಾನೆ, ಮಡಿಸಿದ ಕಾಗದವನ್ನು ಬಿಚ್ಚಿ ಬರೆಯುತ್ತಿದ್ದೇನೆ. ಹನ್ನೊಂದರಲ್ಲಿ ಒಂದು ಸಾಲು ನಿನ್ನ ಕೈಬರಹ. ೧೯೯೦ರ ಜೂನ್ ಹತ್ತು, ಭಾನುವಾರ. ದೋಣಿಯಲ್ಲಿ ನಾನೂ ಇದ್ದೆ, ನಾನೂ ಸುಮ್ಮನಿದ್ದೆ. ನಿನ್ನದನ್ನು ಬಿಟ್ಟು ಹತ್ತನ್ನು ಮಾತ್ರ ಓದುವುದು ನನ್ನಿಂದಾಗದು. ನಾರ್ಮನ್‌ಗೆ ನನ್ನ ಪರವಾಗಿ ಏನೂ ಬರೆಯಬೇಡ, ಅಪ್ಪಣೆಯ ಕಾಗದ ನನಗೆ ಬೇಕಾಗಿಲ್ಲ. ಆ ದಿನ ನಿಜವಾಗಿ ಆದದ್ದನ್ನು ನಿನ್ನ ಕೈಯಾರೆ ಒಂದು ಸಾಲು ಬರೆದು ಸಿಂಗಾಪುರದಿಂದ ಕಳಿಸು, ಅದನ್ನೇ ಮೊದಲು ಓದುತ್ತೇನೆ. ಹತ್ತೊಂಬತ್ತರ ಒಳಗೆ ಬರದಿದ್ದರೆ, ಪುಸ್ತಕದಲ್ಲಿ ಹೇಗಿದೆಯೋ ಹಾಗೆಯೇ ಓದುತ್ತೇನೆ, ಕ್ಲೈವ್, ನಿನ್ನ ಹೆಸರಿನ ಸಮೇತ.