ಮೇಘಾನ ಹೆಸರಿಲೆ ಬಂದ ಉತ್ತರ

ಜುಗೂಳ
ರವಿವಾರ, 9 ಮಾರ್ಚ್ 2025

ಪ್ರೀತಿಯ ಸಾವಕ್ಕ ವೈನಿಗೆ,

ನಿನ್ನ ನಾದಿನಿ ಕೋಮಲನ ನಮಸ್ಕಾರ. ಹೆಂಗದಿ? ಹಿಮ್ಮಡ ಒಡದಿದ್ದು ಮಾಯ್ತೊ ಇಲ್ಲೊ? ಹ್ವಾದ ತಿಂಗಳ ಕಳಿಸಿದ ಮುಲಾಮ ನಿನ್ನ ಕಾಲಿಗೆ ಹಚ್ಚಿದಿಯೊ, ಇಲ್ಲಾ ಅದನ್ನೂ ಕುರಿ ಕಾಲಿಗೆ ಹಚ್ಚಿ ಕುಂತಿಯೊ? ನಿನ್ನ ಗುಣ ನನಗ ಗೊತ್ತೈತಿ. ಮಾಳು ಅಣ್ಣನ ಮೊಣಕಾಲ ಬಾವು ಇಳೀತಾ? ಮೇಘಾನ ಕೆಮ್ಮ? ಘಟ್ಟದ ಕೆಳಗಿನ ಸೆಕಿ ನಮ್ಮ ಮಂದಿಗೆ ಒಗ್ಗೂದಿಲ್ಲ, ನೀರ ಕಾಸಿ ಕುಡೀರಿ. ಇಲ್ಲಿ ಅವ್ವ ಆರಾಮ ಅದಾಳ. ನೀ ಇಲ್ಲಂತ ಜಗಳಾಡಾಕ ಯಾರೂ ಸಿಗವಲ್ರು, ಅದಕ್ಕ ಎಮ್ಮಿ ಜೋಡಿ ಜಗಳ ತಗೀತಾಳ.

ಫೋನ್ ಇರುವಾಗ ಪತ್ರ ಯಾಕ ಅನಬ್ಯಾಡ. ಮಾಳಸಿದ್ದ ಮಾಮಾ ಜ್ವಾಳದ ಚೀಲ, ಕುರಿ ಔಷಧ ತಗೊಂಡ ನಿಮ್ಮ ಬಿಡಾರಕ್ಕ ಹೊಂಟಾನ, ಅವನ ಕೈಯಾಗ ಕೊಟ್ಟ ಕಳಸಾಕತ್ತೇನಿ. ದೊಡ್ಡ ಅಕ್ಷರದಾಗ, ಬಿಡಿಸಿ ಬಿಡಿಸಿ ಬರದೇನಿ. ದಿನಕ್ಕ ಒಂದ ಹಾಳಿ ಓದು, ಅವಸರ ಮಾಡಬ್ಯಾಡ. ಮೇಘಾನ ಕೈಯಾಗ ಕೊಟ್ಟ ಓದಸಬ್ಯಾಡ, ಅಣ್ಣನ ಕೈಯಾಗಂತೂ ಬ್ಯಾಡ. ನೀನ ಓದು. ನಿನಗ ಓದಾಕ ಬರತೈತಿ ಅನ್ನೂದು ಈಗ ನನಗಷ್ಟ ಅಲ್ಲ, ಚಿಕ್ಕೋಡಿಯಾಗ ಮೂರ ಮಂದಿ ಪ್ರೊಫೆಸರಗೂ ಗೊತ್ತಾಗೇತಿ.

ನಾ ಕಲಿಯಾಕತ್ತ ಕೋರ್ಸ್ ಏನಂತ ನೀ ಎರಡ ಸಲ ಕೇಳಿದ್ದಿ, ಎರಡೂ ಸಲ ನಾ ಗಡಿಬಿಡಿಯಾಗ ಏನೇನೋ ಹೇಳಿದೆ. ಬಿ.ಎಡ್. ಮುಗಿಸಿ ನೌಕರಿ ಮಾಡು ಮಾಸ್ತರಿಗೆ, ಟೀಚರ್ ಬಾಯಾರಿಗೆ ಅಂತ ಇರೂ ಎರಡ ವರ್ಷದ ಕಲಿಕಿ ಅದು. ಫೋನ್, ಕಂಪ್ಯೂಟರ್ ಮ್ಯಾಲಿಂದ ಪಾಠ ಹೆಂಗ ಮಾಡೂದು, ಕೂಸಿನ ಮಾರಿ ಕಾಣಲಾರದಾಗ ಅದಕ್ಕ ತಿಳೀತೊ ಇಲ್ಲೊ ಅಂತ ಹೆಂಗ ಗುರತ ಹಿಡಿಯೂದು, ಶಾಲಿಗೆ ಬಂದ ಯಂತ್ರ ಹೆಂಗ ಬಳಸೂದು, ಇಷ್ಟ ಕಲಸ್ತಾರ. ನಮ್ಮ ಶಾಲಿಗೆ ಸ್ಮಾರ್ಟ್‌ಬೋರ್ಡ್ ಬಂದ ಎರಡ ದಸರಾ ಆಗಿದ್ವು. ಎರಡೂ ಸಲ ಹೆಡ್ ಮಾಸ್ತರ ಅದಕ್ಕ ಕುಂಕುಮ ಹಚ್ಚಿ, ಚೆಂಡಹೂವಿನ ಮಾಲಿ ಹಾಕಿ, ಟೆಂಗ ಒಡದ್ರು. ಪ್ಲಾಸ್ಟಿಕ್ ಮಾತ್ರ ಬಿಚ್ಚಿರಲಿಲ್ಲ. ಯಾರರ ಬಿಚ್ಚಬೇಕಲ್ಲ ಅಂತ ನಾ ಕೋರ್ಸಿಗೆ ಹೆಸರ ಹಚ್ಚಿದೆ.

ಕಡೀ ವರ್ಷ ಒಂದ ಪ್ರಯೋಗ ಮಾಡಿ ವರದಿ ಕೊಡಬೇಕು. ನನ್ನ ಗೈಡ್ ವಿಕ್ರಾಂತ ಸರ್ ಭಾಳ ಶಿಸ್ತಿನ ಮನಶ್ಯಾ, ಅಲ್ಪವಿರಾಮ ತಪ್ಪಿದ್ರೂ ವರದಿ ತಿರಗಿ ಒಗೀತಾರ. ಪ್ರಯೋಗಕ್ಕ ನಾ ಆರಿಸಿದ್ದು ನಿನ್ನ ಮಗಳನ್ನ. ನಮ್ಮ ಶಾಲಿ ಐದನೇತ್ತ ಕ್ಲಾಸಿನ ಹಾಜರಿ ಪುಸ್ತಕದಾಗ ಮೇಘಾನ ಹೆಸರೈತಿ, ಆದ್ರ ದೀಪಾವಳಿ ಮುಗದ ಕೂಡ್ಲೆ ನಿಮ್ಮ ಜೋಡಿ ಕುರಿ ಹಿಂದ ಹ್ವಾದ ಹುಡಗಿ ಮಳಿ ಹಿಡಿಯೂತನಾ ಬರೂದಿಲ್ಲ. ಹಿಂಡಿನ ಜೋಡಿ ತಿರಗಾಡು ಕೂಸಿಗೂ ಫೋನಿನ್ಯಾಗ ಶಾಲಿ ಮುಟ್ಟಸಬಹುದು ಅಂತ ತೋರಸೂದು ನನ್ನ ಹಟ. ಮುಂಜಾನೆ ಶಾಲಿಗೆ ಹೋಗೂಕಿಂತ ಮೊದಲ ನಾಲ್ಕ ನಿಮಿಷದ ಪಾಠದ ವಿಡಿಯೊ ತಗೀತಿದ್ದೆ. ಹಿಂದ ಅವ್ವನ ಇಳಕಲ್ ಸೀರಿ ಇಳಿಬಿಡೂದು, ಫೋನ್ ಅವ್ವನ ಹಿಡಿಯೂದು. ನಿನ್ನ ಅತ್ತಿ ನಿನಗ ಗೊತ್ತಲ್ಲ, ನಾ 'ಅರ್ಧದಾಗ ಅರ್ಧ ಅಂದ್ರ ಎಷ್ಟು?' ಅಂತ ಕೇಳಿದ್ರ ಫೋನಿನ ಹಿಂದಿಂದ ಅಕಿನ 'ಕಾಲು' ಅಂತ ಒದರಾಕಿ. ಒಂದ ಪಾಠದಾಗಂತೂ 'ಎಮ್ಮಿ ಹಗ್ಗ ಹರಕೊಂಡೈತಿ ನೋಡ ಬೇ' ಅಂದಿದ್ದು ಚಿಕ್ಕೋಡಿತನಾ ಕೇಳೇತಿ.

ವಾರಕ್ಕ ಮೂರ ಪಾಠ ಕಳಸ್ತಿದ್ದೆ, ಮೂರಕ್ಕೂ ಉತ್ತರ ತಪ್ಪದ ಬರತಿತ್ತು. ಮೊದಲಿಗೆ ವಾಯ್ಸ್ ಮೆಸೇಜ್, ಪಿಸುಗುಟ್ಟಿದಂಗ. ಮೇಘಾಗ ಗಂಟಲ ಕಟ್ಟೇತಿ ಅಂದ್ಕೊಂಡೆ. ಆಮ್ಯಾಲೆ ಪಾಟಿಯ ಫೋಟೊ, ನೋಟ್‌ಬುಕ್ಕಿನ ಫೋಟೊ. ಅಕ್ಷರ ನೋಡಿದ್ರ ಸೊಟ್ಟ, ಸಾಲ ಮ್ಯಾಲ ಕೆಳಗ. ನಾಲ್ಕನೇತ್ತದಾಗ ಅಷ್ಟ ಚಂದ ಬರೀತಿದ್ದ ಹುಡಗಿ ಕೈ ಹಿಂಗ್ಯಾಕ ಕೆಟ್ಟಿತು ಅಂತ ಒಂದ ವಾರ ಚಿಂತಿ ಮಾಡಿದೆ. ಆದ್ರ ವಾರ ವಾರಕ್ಕ ಅಕ್ಷರ ನೆಟ್ಟಗಾಗಾಕತ್ತಿದ್ವು. ಲೆಕ್ಕಾ ತಪ್ಪತಿರಲಿಲ್ಲ. ವಿಕ್ರಾಂತ ಸರ್ ಅಂತಾವ್ರೂ 'ನಿಮ್ಮ ವಿದ್ಯಾರ್ಥಿನಿ ಹುಷಾರದಾಳ್ರಿ ಮೇಡಂ' ಅಂದ್ರು. ನಾ ಹಿಗ್ಗಿ ಹೀರಿಕಾಯಿ ಆದೆ.

ಜನವರಿ ಕಡೀಕ 'ನನ್ನ ಅವ್ವ' ಅನ್ನೂ ಪಾಠ. ಅವ್ವನ ಮ್ಯಾಲ ನಾಲ್ಕ ಸಾಲ ಬರೀರಿ ಅಂದಿದ್ದೆ. ಎರಡ ದಿನ ಉತ್ತರ ಇಲ್ಲ. ಮೂರನೇ ದಿನ ಫೋಟೊ ಬಂತು. ಆಗ ನಾ ಸ್ಟಾಫ್ ರೂಮಿನ್ಯಾಗ ಚಾ ಕುಡಿಯಾಕತ್ತಿದ್ದೆ. ಅದರಾಗ ಹಿಂಗಿತ್ತು: 'ನನ್ನ ಅವ್ವನ ಹೆಸರ ಕೆಂಚವ್ವ. ಅಕಿ ಕೈ ಯಾವಾಗ್ಲೂ ಮಜ್ಜಿಗಿ ವಾಸನಿ ಬರತಿತ್ತು. ನಾ ಎರಡನೇತ್ತ ಇದ್ದಾಗ ಅಕಿ ಸತ್ತಳು. ಮರದಿನದಿಂದ ರೊಟ್ಟಿ ನಾ ಬಡದೆ, ಶಾಲಿಗೆ ಹೋಗಲಿಲ್ಲ.'

ವೈನಿ, ಚಾ ಆರಿ ಹ್ವಾತು. ನಮ್ಮ ಮನಿಗೆ ನೀ ಸೊಸಿಯಾಗಿ ಬಂದ ಹದಿಮೂರ ವರ್ಷ ಆದವು. ನಿನ್ನ ಅವ್ವನ ಹೆಸರ ಕೆಂಚವ್ವ ಅಂತ ನನಗ ಅವತ್ತ ಗೊತ್ತಾತು. ನೀ ಎರಡನೇತ್ತದಾಗ ಶಾಲಿ ಬಿಟ್ಟಿ ಅನ್ನೂದೂ ಅವತ್ತ ಗೊತ್ತಾತು. ಮನ್ಯಾಗ ಒಬ್ಬಾಕಿ ಶಾಲಿ ಬಾಯಿ ಇದ್ದೂ ನಾ ಒಂದ ದಿನ ನಿನ್ನ ಕೇಳಲಿಲ್ಲ. ಸಂಜಿಕ ಮನಿಗೆ ಬಂದ ಫೋನ್ ಹಚ್ಚಿದಾಗ ನೀ ಅಂದಿ: 'ಮೇಘಾ ಮರಿ ಹಿಂದ ಹ್ವಾದ್ರ ಹೊತ್ತ ಮುಳಗಿದ ಮ್ಯಾಲೆ ಬರತಾಳ, ಉಂಡ ಕೂಡ್ಲೆ ಮಲಗತಾಳ. ನೀ ಅಷ್ಟ ಚಂದ ಹೇಳತಿ. ಕೇಳಾವ್ರ ಯಾರೂ ಇಲ್ಲಂದ್ರ ಹೆಂಗ ಅಂತ ನಾನ ಕುಂತ ಕೇಳಿದೆ. ನಿನ್ನ ಪರೀಕ್ಷಾ ಕೆಡಬಾರದು ನೋಡು.' ಮೇಘಾ ಒಂದನೇತ್ತ ಇದ್ದಾಗಿಂದ ಅಕಿ ಪುಸ್ತಕ ನೋಡಿ ನೋಡಿ ಅಕ್ಷರ ಕೂಡಿಸಿದ್ದೆ ಅಂತನೂ ಅಂದಿ. ಫೋನ್ ಇಟ್ಟ ಮ್ಯಾಲೆ ನಾ ಎಷ್ಟ ಅತ್ತೆ ಅನ್ನೂದ ಅವ್ವನ್ನ ಕೇಳು.

ಖರೇ ಹೇಳಬೇಕಂದ್ರ ಒಂದ ತಿಂಗಳ ಮ್ಯಾಲೆ ಆ ಫೋಟೊ ಮುಚ್ಚಿಟ್ಟಿದ್ದೆ. ವರದಿ ತಯಾರಿತ್ತು, ಎಲ್ಲಾ ಉತ್ತರ ಮೇಘಾನ ಹೆಸರಿಲೆ ಇದ್ವು, ಯಾರಿಗೂ ಗೊತ್ತಾಗ್ತಿರಲಿಲ್ಲ. ಆದ್ರ ಆ ನಾಲ್ಕ ಸಾಲ ತಗದ ಹಾಕಾಕ ಕೈ ಬರಲಿಲ್ಲ. ಮೊನ್ನಿ ಶುಕ್ರವಾರ ಚಿಕ್ಕೋಡಿಯಾಗ ಮೂರ ಮಂದಿ ಪರೀಕ್ಷಕರ ಮುಂದ ಎಲ್ಲಾ ಹೇಳಿಬಿಟ್ಟೆ. ವಿಕ್ರಾಂತ ಸರ್ ಮಾರಿ ಕಪ್ಪಗಾತು. 'ಅಂದ್ರ ನೀವು ಆರಿಸಿದ ಕೂಸು ಏನೂ ಕಲತಿಲ್ಲ' ಅಂದ್ರು. 'ಹೌದ್ರಿ' ಅಂದೆ. ಅವರಾಗ ಒಬ್ಬರು ವಯಸ್ಸಾದ ಮೇಡಂ ಇದ್ರು, ಉಜ್ವಲಾ ಅಂತ. ಅವರು ಪಾಟಿ ಫೋಟೊದಿಂದ ಕಡೀ ಫೋಟೊತನಾ ಒಂದೊಂದ ತಿರಿವಿ ನೋಡಿ, 'ಹಂಗಾರ ಇಲ್ಲಿ ಕಲತಾಕಿ ಯಾರು, ಅಕಿ ಬಗ್ಗೆ ಬರೀರಿ' ಅಂದ್ರು. ವರದಿ ತಿರಗಿ ಬಂತು. ಈ ವರ್ಷ ಸರ್ಟಿಫಿಕೇಟ್ ಇಲ್ಲ, ಇನ್ನೊಂದ ಆರ ತಿಂಗಳ ಕೆಲಸಾ. ನಿನ್ನೆ ಮುಂಜಾನೆ ವಿಕ್ರಾಂತ ಸರ್ ತಾವ ಫೋನ್ ಹಚ್ಚಿ, 'ಆ ನಾಲ್ಕ ಸಾಲ ತಿದ್ದಬ್ಯಾಡ್ರಿ, ಇದ್ದಂಗ ಇರ್ಲಿ' ಅಂತಷ್ಟ ಅಂದ ಇಟ್ರು.

ನನ್ನ ವರ್ಷ ಹ್ವಾತಂತ ನೀ ಮನಸಿಗೆ ಹಚ್ಕೊಬ್ಯಾಡ. ನನ್ನ ಪಾಠ ಕಲತ ಒಬ್ಬಾಕಿ ಅವ್ವನ ಹೆಸರ ಬರದಾಳ. ಅಣ್ಣಗ ನಮಸ್ಕಾರ, ಮೇಘಾಗ ಎರಡೂ ಗಲ್ಲಕ್ಕ ಮುತ್ತು. ಅವ್ವ ನಿಮಗೆಲ್ಲಾ ಆಶೀರ್ವಾದ ಹೇಳಿ ಶೇಂಗಾ ಚಟ್ನಿ ಕಟ್ಟ್ಯಾಳ, ಅದರಾಗ ನಿನಗಂತ ಬ್ಯಾರೆ ಡಬ್ಬಿ ಐತಿ.

ನಿನ್ನ
ಕೋಮಲ

ತಾ.ಕ.: ಮಾಮಾ ಹೊರಗ ಹಾರ್ನ್ ಹೊಡ್ಯಾಕತ್ತಾನ, ಅದಕ್ಕ ಸುತ್ತ ಬಳಸದ ಬರೀತೇನಿ. ಜೂನ್‌ದಾಗ ನೀವ ತಿರಗಿ ಬಂದ ಮ್ಯಾಲೆ ಮೇಘಾನ್ನ ಖಾಯಂ ನನ್ನ ಕಡೆ ಬಿಡು. ನಾಲ್ಕ ತಿಂಗಳ ನಾ ಕಳಿಸಿದ್ದು ಅಕಿಗೆ ಒಂದೂ ಮುಟ್ಟಿಲ್ಲ ವೈನಿ, ಫೋನಿನ್ಯಾಗ ಮುಟ್ಟೂದೂ ಇಲ್ಲ. ಅಕಿಗೆ ಬೆಂಚ್ ಬೇಕು, ಬಾಜೂಕ ಗೆಳತಿ ಬೇಕು, ಎಚ್ಚರ ಇದ್ದ ಹಗಲ ಹೊತ್ತಿನ್ಯಾಗ ಕಲೀಬೇಕು. ಅಣ್ಣನ್ನ ಕೇಳಿದ್ರ 'ಮರಿ ಯಾರ ನೋಡೂದು' ಅಂತಾನ. ಅಕಿ ಇಲ್ಲಂದ್ರ ಆ ಬಿಡಾರದಾಗ ನಿನಗ ಮಾತಿಗೆ ಯಾರೂ ಇರೂದಿಲ್ಲ, ಅದೂ ನನಗ ಗೊತ್ತೈತಿ. ಅದಕ್ಕ ಅಣ್ಣನ್ನ ಬಿಟ್ಟ ನಿನ್ನ ಕೇಳಾಕತ್ತೇನಿ. ಮಾಮಾ ಕುರಿ ಉಣ್ಣೆ ಕತ್ತರಸೂದು ಮುಗಿಯೂತನಾ ಒಂದ ವಾರ ಅಲ್ಲೇ ಇರತಾನ. ಹೂಂ ಅನ್ನು, ಬ್ಯಾಡ ಅನ್ನು, ನಾ ಸಿಟ್ಟಾಗೂದಿಲ್ಲ. ಆದ್ರ ನಿನ್ನ ಕೈಲೆ ಬರದ, ಕೆಳಗ ನಿನ್ನ ಹೆಸರ ಹಾಕಿ ಕಳಸು.