ಹತ್ತೊಂಬತ್ತನೇ ತಾರೀಖಿನ ಹಾಡು

ಜೂನ್ ೧೨, ಬೆಳಿಗ್ಗೆ

ಏನೂಂದ್ರೆ,

ಹದಿನೆಂಟು ವರ್ಷದ ಮೇಲೆ ನಿಮ್ಮನ್ನು ಹೀಗೆ ಕರೆಯುತ್ತಿದ್ದೇನೆ. ಹೆಸರು ಹಿಡಿದು ಬರೆಯಲು ಕೈ ಬರಲಿಲ್ಲ, 'ಪ್ರಿಯ' ಎಂದು ಬರೆಯಲು ಮನಸ್ಸು ಬರಲಿಲ್ಲ. ಕ್ಷೇಮ ವಿಚಾರಿಸಲು ಈ ಕಾಗದವಲ್ಲ. ನೀವು ಕ್ಷೇಮವಾಗಿರುವುದು ಪತ್ರಿಕೆಯ ಆರನೇ ಪುಟದಲ್ಲಿ ದಿನವೂ ಗೊತ್ತಾಗುತ್ತಿದೆ.

'ಹಾಡಿನ ಇತಿಹಾಸದಲ್ಲಿ ಈ ದಿನ' ಎಂದು ನಿಮ್ಮ ಫೋಟೋ ಹಾಕಿ ಅಚ್ಚು ಮಾಡುತ್ತಾರಲ್ಲ, ಅದನ್ನು ನಾನು ಓದುತ್ತೇನೆ. ಯಾವ ತಾರೀಖಿಗೆ ಯಾವ ಹಾಡು ಮುದ್ರಣವಾಯಿತು, ಯಾರು ಹುಟ್ಟಿದರು, ಯಾವ ವಾದ್ಯದ ತಂತಿ ಕಿತ್ತುಹೋಯಿತು, ಎಲ್ಲ ಸೊಗಸಾಗಿಯೇ ಬರೆಯುತ್ತೀರಿ. ನಿನ್ನೆಯದನ್ನು ಓದಿ ಮಾತ್ರ ಮೈಯೆಲ್ಲ ಉರಿದುಹೋಯಿತು. ಮೂವತ್ತೆಂಟು ವರ್ಷದ ಹಿಂದೆ ಜೂನ್ ಹನ್ನೊಂದರಂದು ರಾಣಿಯಮ್ಮ ಆ ಹಾಡನ್ನು ಒಂದೇ ಟೇಕಿನಲ್ಲಿ ಹಾಡಿ ಮುಗಿಸಿದರಂತೆ. ಸ್ಟುಡಿಯೋದ ರೆಕಾರ್ಡಿಂಗ್ ಯಂತ್ರದ ಮುಂದೆ, ಗಾಜಿನ ಈಚೆ ಕೂತು ನೀವು ಕಣ್ಣಾರೆ ಕಂಡಿರಂತೆ. ತಲೆಯ ಮೇಲೆ ಹೊಡೆದ ಹಾಗೆ ಸುಳ್ಳು ಹೇಳುವುದು ಎಂದರೆ ಇದೇ. ಪತ್ರಿಕೆಯವರಿಗೇನು, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು.

ಹನ್ನೊಂದರಂದು ಆದದ್ದನ್ನು ನಾನು ನೆನಪಿಸಬೇಕೇ? ರಾಣಿಯಮ್ಮನಿಗೆ ಗಂಟಲು ಕಟ್ಟಿತ್ತು. ನಾಲ್ಕು ಸಲ ಶುರು ಮಾಡಿದರು, ನಾಲ್ಕು ಸಲವೂ ಮೇಲಿನ ಸ್ವರಕ್ಕೆ ದನಿ ಒಡೆಯಿತು. ಬಿಸಿನೀರು ಕುಡಿದು, ಟೈಪು ಮಾಡಿದ ಹಾಡಿನ ಹಾಳೆಯನ್ನು ಕೈಚೀಲಕ್ಕೆ ತುರುಕಿಕೊಂಡು ಹೋದವರು ಮತ್ತೆ ಬರಲಿಲ್ಲ. ಹಿಂದೆ ಕೋರಸ್ಸಿನಲ್ಲಿ ನಿಂತಿದ್ದ ನಾವು ಆರು ಜನ ಹೆಂಗಸರು ನೋಡುತ್ತಿದ್ದೆವು.

ಹಾಡು ಮುದ್ರಣವಾದದ್ದು ಹತ್ತೊಂಬತ್ತನೇ ತಾರೀಖು, ಮಧ್ಯಾಹ್ನ. ಟ್ರ್ಯಾಕ್ ಹಾಡಲು ನಿಮ್ಮ ಹೆಂಡತಿಯನ್ನು ಕರೆಸಿ ಎಂದು ಸಂಗೀತ ನಿರ್ದೇಶಕರು ನಿಮಗೇ ಹೇಳಿದರು. ಟ್ರ್ಯಾಕ್ ಎಂದರೆ ಗೊತ್ತಲ್ಲ, ದೊಡ್ಡವರು ಬಂದು ಹಾಡುವ ತನಕ ಅವರ ಜಾಗ ಹಿಡಿದಿಡುವ ದನಿ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ನಾನು ಆ ಟವೆಲ್ಲು. ಸದ್ದಾಗುತ್ತದೆಂದು ಫ್ಯಾನು ನಿಲ್ಲಿಸಿದ್ದಿರಿ. ಚಪ್ಪಲಿ ಕಿರುಗುಟ್ಟುತ್ತದೆಂದು ಹೊರಗೆ ಬಿಡಿಸಿದಿರಿ. ಟೈಪಾದ ಹಾಳೆ ರಾಣಿಯಮ್ಮನ ಚೀಲದಲ್ಲಿ ಹೋಗಿತ್ತಾದ್ದರಿಂದ ಹಾಡನ್ನು ನೀವೇ ಕೈಯಲ್ಲಿ ಬರೆದು, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸ್ಟ್ಯಾಂಡಿಗೆ ಸಿಕ್ಕಿಸಿದಿರಿ. ಮೊದಲನೇ ಟೇಕು ಅರ್ಧಕ್ಕೆ ನಿಂತಿತು, ನನಗೆ ಕೆಮ್ಮು ಬಂತು. ಎರಡನೆಯದು ಮುಗಿದಾಗ ಗಾಜಿನ ಆಚೆ ನೀವು ಹೆಡ್‌ಫೋನು ತೆಗೆದು ಕಣ್ಣು ಒರೆಸಿಕೊಂಡಿರಿ. ನಾನು ನೋಡಲಿಲ್ಲ ಅಂದುಕೊಂಡಿದ್ದೀರಿ. ನೋಡಿದ್ದೆ.

ಆಮೇಲೆ ಗ್ರಾಮಫೋನ್ ತಟ್ಟೆ ಬಂತು, ಒಳಗೆ ನನ್ನ ದನಿ, ಮೇಲೆ ರಾಣಿಯಮ್ಮನ ಹೆಸರು. ಆ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೀವು ಹೇಳಿದ ಮಾತು ಹಾಗೇ ನೆನಪಿದೆ: "ಇದೊಂದು ಸಲ ಸುಮ್ನಿರು. ನನ್ನ ಕೆಲಸದ ಪ್ರಶ್ನೆ. ಹಾಡು ಉಳಿದ್ರೆ ಸಾಕು, ಹಾಡಿದೋರು ಯಾರಾದ್ರೇನು?" ನಾನು ಬಾಯಿಗೆ ಬೀಗ ಹಾಕಿಕೊಂಡೆ. ಅದು ನನ್ನ ತಪ್ಪೇ, ಒಪ್ಪುತ್ತೇನೆ. ಆದರೆ ಇದೊಂದು ಸಲ ಎಂದದ್ದು ಇಪ್ಪತ್ತು ವರ್ಷ ನಡೆಯಿತು. ಮನೆಗೆ ಯಾರೇ ಬರಲಿ, ರಾಣಿಯಮ್ಮನ ಒಂದೇ ಟೇಕಿನ ಕಥೆ ಹೇಳುತ್ತಿದ್ದಿರಿ, ಪಕ್ಕದಲ್ಲಿ ನಾನು ಚಹಾದ ತಟ್ಟೆ ಹಿಡಿದು ನಿಂತಿರುತ್ತಿದ್ದೆ. ಒಂದು ದಿನ ತಟ್ಟೆಯನ್ನು ಮೇಜಿನ ಮೇಲಿಟ್ಟು ಮಗಳನ್ನು ಕರೆದುಕೊಂಡು ಹೊರಟೆ. ಇಷ್ಟು ಸಣ್ಣ ವಿಷಯಕ್ಕೆ ಮನೆ ಬಿಟ್ಟಳು ಎಂದು ನೀವು ಊರೆಲ್ಲ ಹೇಳಿಕೊಂಡು ಬಂದಿರಂತೆ.

ಸಾಕ್ಷಿ ಏನು ಎಂದು ಕೇಳುತ್ತೀರಿ. ಸಾಕ್ಷಿ ಆ ಒಂದು ಪದ. ಕವಿ ಬರೆದದ್ದು 'ಮರಳಿ ಹೇಳು, ಅವನ ಹೆಜ್ಜೆ ಎಲ್ಲಿ' ಎಂದು. ತಟ್ಟೆಯಲ್ಲಿ ಇರುವುದು 'ಮರಳೇ ಹೇಳು, ಅವನ ಹೆಜ್ಜೆ ಎಲ್ಲಿ' ಎಂದು. ಟೈಪಾದ ಹಾಳೆಯಲ್ಲಿ 'ಮರಳಿ' ಸ್ಪಷ್ಟವಾಗಿಯೇ ಇತ್ತು. ರಾಣಿಯಮ್ಮ ಮೊದಮೊದಲು ವೇದಿಕೆಯ ಮೇಲೆ 'ಮರಳಿ' ಎಂದೇ ಹಾಡಿದಾಗ, ತಮ್ಮ ಹಾಡನ್ನೇ ತಪ್ಪು ಹಾಡುತ್ತಾರಲ್ಲ ಎಂದು ಜನ ಕೂಗಿದ್ದು ಮರೆತಿರಾ? ನಿಮ್ಮದೋ ಕಾಗೆಕಾಲು ಗುಬ್ಬಿಕಾಲು. ಅದರಲ್ಲಿ ಗುಡಿಸು ಯಾವುದು ಏತ್ವ ಯಾವುದು ಬ್ರಹ್ಮನಿಗೂ ತಿಳಿಯದು. ಆ ಹಾಳೆ ನೋಡಿ ಹಾಡಿದವಳ ಬಾಯಲ್ಲಿ ಮಾತ್ರ 'ಮರಳೇ' ಬರಲು ಸಾಧ್ಯ. ಕವಿ ಮೊದಲು ತಮ್ಮ ಸಾಲು ಕೆಡಿಸಿದರೆಂದು ಸ್ಟುಡಿಯೋಗೆ ಬಂದು ಹಾರಾಡಿದರು. ಮರಳನ್ನು ಹೆಜ್ಜೆಯ ಗುರುತು ಕೇಳುವುದು ಎಂಥ ಕಲ್ಪನೆ ಎಂದು ವಿಮರ್ಶಕರು ಹೊಗಳಿದ ಮೇಲೆ ತೆಪ್ಪಗಾದರು. ನಿನ್ನೆ ನೀವೂ ಅದನ್ನು ಕವಿಯ ಪ್ರತಿಭೆ ಎಂದು ಬರೆದಿದ್ದೀರಿ. ಕೈ ಕೆಸರಾದದ್ದು ನನ್ನದು, ಬಾಯಿ ಮೊಸರಾದದ್ದು ಮಿಕ್ಕವರೆಲ್ಲರದು.

ರಾಣಿಯಮ್ಮನ ಮೇಲೆ ನನಗೆ ಸಿಟ್ಟಿಲ್ಲ. ತೀರಿಹೋಗುವುದಕ್ಕೆ ಒಂದು ವರ್ಷ ಮುಂಚೆ, ಒಂದು ಸಭೆಯ ಮೆಟ್ಟಿಲಲ್ಲಿ ಸಿಕ್ಕಿ ನನ್ನ ಕೈ ಹಿಡಿದುಕೊಂಡರು. "ನಿನ್ನ ಹಾಡು ಹಾಡಿ ಹಾಡಿ ನಂಗೆ ಸಾಕಾಯ್ತು ಕಣೆ," ಎಂದರು. ಅಷ್ಟು ಹೇಳುವ ಧೈರ್ಯ ಅವರಿಗಿತ್ತು, ನಿಮಗಿಲ್ಲ.

ಇದನ್ನೂ ನುಂಗಿಕೊಳ್ಳುತ್ತಿದ್ದೆ. ಹಳೇದು ಬಿಡಮ್ಮ ಎಂದು ಮಗಳೂ ಹೇಳಿದಳು. ಆದರೆ ನಿಮ್ಮ ಒಂಬತ್ತು ವರ್ಷದ ಮೊಮ್ಮಗಳು ನಿನ್ನೆ ನಿಮ್ಮ ಅಂಕಣ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿದಳು. ಇಪ್ಪತ್ತನೇ ತಾರೀಖು ತರಗತಿಯಲ್ಲಿ ಎಲ್ಲರೂ ಒಂದೊಂದು ಹಾಡಿನ ಕಥೆ ಹೇಳಬೇಕಂತೆ. ಅವಳು ಅಜ್ಜ ಬರೆದದ್ದನ್ನು ಓದುತ್ತಾಳಂತೆ. ತಡೆಯಲಾರದೆ ಹೇಳಿಬಿಟ್ಟೆ, ಪುಟ್ಟಾ, ಅದನ್ನು ಹಾಡಿದ್ದು ನಾನು ಎಂದು. ಕತ್ತರಿ ಕೆಳಗಿಟ್ಟು ನನ್ನನ್ನೇ ನೋಡಿದಳು. ಪಾಪ, ನಗಲಿಲ್ಲ.

"ಅಜ್ಜಿ, ಸುಳ್ಳು ಹೇಳ್ಬಾರ್ದು," ಎಂದಳು. "ಅಜ್ಜ ಅಲ್ಲೇ ಇದ್ರಲ್ಲ."

ಹೌದು, ಅಲ್ಲೇ ಇದ್ದಿರಿ. ಅದಕ್ಕೇ ಬರೆಯುತ್ತಿದ್ದೇನೆ. ಬರುವ ಹತ್ತೊಂಬತ್ತರ ಅಂಕಣದಲ್ಲಿ, ಈ ದಿನ ಆ ಹಾಡನ್ನು ಹಾಡಿದವಳು ಇವಳು ಎಂದು ನಿಮ್ಮ ಕೈಯಾರೆ ಬರೆಯಿರಿ. ನನಗೆ ಸನ್ಮಾನ ಬೇಡ, ಫೋಟೋ ಬೇಡ. ಆ ಮಗುವಿನ ಕಣ್ಣಲ್ಲಿ ನಾನು ಸುಳ್ಳುಗಾತಿಯಾಗಿ ಸಾಯಬಾರದು, ಅಷ್ಟೇ. ನಿಮ್ಮ ಅಕ್ಷರದ ಆ ಹಾಳೆಯ ಜೆರಾಕ್ಸ್ ಇದರೊಳಗೆ ಇಟ್ಟಿದ್ದೇನೆ. ಮೂಲ ನನ್ನ ಹತ್ತಿರವೇ ಇರುತ್ತದೆ. ನಿಮ್ಮನ್ನು ನಂಬಿ ಅದನ್ನೂ ಕಳಿಸುವಷ್ಟು ಮರುಳು ನನಗೆ ಇನ್ನೂ ಹಿಡಿದಿಲ್ಲ.

ಇಂತು,
ನಿಮ್ಮ ಮೊಮ್ಮಗಳ ಅಜ್ಜಿ

ತಾ. ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ನಿಮ್ಮ ಕೈಯಲ್ಲಿ ನಿಜ ಬರೆಸಲು ಹೊರಟು ನಾನೇ ಒಂದು ಸುಳ್ಳನ್ನು ಒಳಗಿಟ್ಟು ಕಳಿಸಬಾರದು. ಮದುವೆಗೆ ಮುಂಚೆ ನೀವು ಬರೆದ ನಲವತ್ತೊಂದು ಕಾಗದಗಳನ್ನು ಇದೇ ಕಾಗೆಕಾಲಿನಲ್ಲಿ ಓದಿದ್ದೇನೆ, ಒಂದು ಪದಕ್ಕೂ ಎಡವಿದವಳಲ್ಲ. ಆ ಹಾಳೆಯಲ್ಲಿ ಇದ್ದದ್ದು 'ಮರಳಿ' ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೊದಲನೇ ಟೇಕಿನಲ್ಲಿ ಆ ಸಾಲಿಗೆ ಮುಂಚೆ ನಿಲ್ಲಿಸಿದೆನಲ್ಲ, ಅದು ಕೆಮ್ಮಲ್ಲ, ಯೋಚನೆ. ಟ್ರ್ಯಾಕಿನವಳು ಕವಿಯ ಪದ ತಿದ್ದಿದಳು ಎಂದರೆ ನಿಮ್ಮ ಕೆಲಸಕ್ಕೆ ಕುತ್ತು ಬರುತ್ತಿತ್ತು. ಗಂಡನ ಅಕ್ಷರ ಸರಿಯಿಲ್ಲ ಎಂದರೆ ಎಲ್ಲರೂ ನಕ್ಕು ಬಿಡುತ್ತಿದ್ದರು. ಮೂವತ್ತೆಂಟು ವರ್ಷ ನಿಮ್ಮ ಕೈಬರಹವನ್ನು ಬೈದದ್ದಕ್ಕೆ ಕ್ಷಮಿಸಿ. ಹತ್ತೊಂಬತ್ತರಂದು ಬರೆಯುವಾಗ ದನಿಯ ಜೊತೆಗೆ ಆ ಪದವನ್ನೂ ನನ್ನ ಹೆಸರಿಗೆ ಬರೆಯಿರಿ.