ನಾತ ತೆಗೆಸಿಕೊಂಡ ಹೂವು

ಕೊಪ್ಪಳದ ನೆರಳುಬೀದಿಯಿಂದ
ಎರಡನೆಯ ಬೇಸಿಗೆ, ಮೂವತ್ತೇಳನೆಯ ತಾರೀಖು, ೨೩೧೭

ಮುನ್ನೂರು ವರ್ಷ ಹಿಂದಿನವರಾದ ತಮಗೆ ಕೊಟ್ರಬಸಪ್ಪನ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ, ಬೇಸಿಗೆ ಎರಡಾದ ಮೇಲೆ ನಮ್ಮಲ್ಲಿ ತಿಂಗಳುಗಳನ್ನೂ ಹಿಗ್ಗಿಸಿದ್ದಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ಕನ್ನಡದ ನಡುವೆ ಬೆರೆಸುವ ಇಂಗ್ಲಿಷನ್ನು ಕಾಲೇಜಿನಲ್ಲಿ ಹಳೆಯ ಭಾಷೆಯೆಂದು ಓದಿದ್ದೆ. ‘ವಿತ್ ಡ್ಯೂ ರೆಸ್ಪೆಕ್ಟ್’ ಎನ್ನುವುದೊಂದು ನೆನಪಿದೆ. ಅದು ಬೈಯುವ ಮುಂಚೆ ಹೇಳುವ ಮಾತೆಂದು ನಮ್ಮ ಮೇಷ್ಟ್ರು ಕಲಿಸಿದ್ದರು. ಆದ್ದರಿಂದ, ವಿತ್ ಡ್ಯೂ ರೆಸ್ಪೆಕ್ಟ್.

ನಾವು ಹಗಲೆಲ್ಲ ಚಾವಣಿ ಹಾಕಿದ ಬೀದಿಗಳಲ್ಲೇ ಇರುತ್ತೇವೆ, ಅದೇ ನೆರಳುಬೀದಿ. ಅಷ್ಟು ಜನ ಒಂದೇ ಕಡೆ ಸೇರಿದರೆ ಬೆವರು, ಚರಂಡಿ ಎಲ್ಲ ನಾರುತ್ತದಲ್ಲ, ಅದಕ್ಕೆ ಎಲ್ಲರೂ ಮೂಗುಪಟ್ಟಿ ಅಂಟಿಸಿಕೊಳ್ಳುತ್ತಾರೆ. ಚರಂಡಿ ತೊಳೆಯುವುದಕ್ಕಿಂತ ಮೂಗು ಮುಚ್ಚುವುದು ಸುಲಭವೆಂದು ತೀರ್ಮಾನವಾಗಿ ಬಹಳ ಕಾಲವಾಯಿತು. ಒಗ್ಗರಣೆಯ ವಾಸನೆಯೇ ಗೊತ್ತಿಲ್ಲದ ಮಕ್ಕಳು ಬೆಳೆದು ಮದುವೆಯಾಗಿದ್ದಾರೆ. ಇರಲಿ, ಹೇಳಬೇಕಾದ್ದು ಬಿಟ್ಟು ಎಲ್ಲೋ ಹೋದೆ.

ನನ್ನ ಹೆಂಡತಿ ಹಾಲಮ್ಮ ಎಲೆಮನೆಯಲ್ಲಿದ್ದಳು. ಎಲೆಮನೆಯೆಂದರೆ ಗಿಡಗಳನ್ನು ಒತ್ತಿ ಒಣಗಿಸಿ, ಹಾಳೆಗೆ ಹೊಲಿದು, ಹೆಸರಿಟ್ಟು ಕಾಪಾಡುವ ಕಚೇರಿ. ಅಲ್ಲಿಯವರು ಯಾರೂ ಬಿಸಿಲಿಗೆ ಹೋಗುವುದಿಲ್ಲ, ಇವಳು ಹೋಗುತ್ತಿದ್ದಳು. ಕರೇಕಲ್ಲು ಗುಡ್ಡದ ಬಂಡೆ ಸಂದಿಯಲ್ಲಿ ಯಾರೂ ಹೆಸರಿಡದ ಒಂದು ಗಿಡ ಸಿಕ್ಕಿತು. ಎಲೆಯಿಲ್ಲದ ಚೌಕದ ಕಾಂಡ, ತುದಿಯಲ್ಲಿ ಕಂದುಗೆಂಪು ಹೂಗೊಂಚಲು, ಸತ್ತ ಇಲಿಯ ನಾತ. ಮನೆಗೆ ತಂದಾಗ, ಮೂಗುಪಟ್ಟಿ ಬಿಚ್ಚಿಟ್ಟಿದ್ದ ನಾನು ಬಾಗಿಲಲ್ಲೇ ತಡೆದೆ. “ಅದು ನಿಮ್ಮನ್ನ ಕರ್ಯಾಕತ್ತಿಲ್ಲರೀ, ನೊಣಾನ ಕರ್ಯಾಕತ್ತೈತಿ. ಸರ್ಕೋರಿ ಅತ್ಲಾಗ,” ಅಂದಳು. ಆ ನಾತಕ್ಕೆ ನೊಣ ಬಂದರಷ್ಟೇ ಅದು ಬೀಜ ಕಟ್ಟುವುದು.

ಹೆಸರಿಡುವ ಮುಂಚೆಯೇ ಅವಳು ತೀರಿಕೊಂಡಳು. ಎಲೆಮನೆಯ ಮಂಡಳಿಯವರು ಗಿಡಕ್ಕೆ ತಮ್ಮ ಅಧ್ಯಕ್ಷ ಧರಣೇಂದ್ರಯ್ಯನ ಹೆಸರಿಟ್ಟರು. ಆತ ಗುಡ್ಡ ಕಂಡವನಲ್ಲ. ಇದೇನು ಹೊಸದಲ್ಲ ಬಿಡಿ. ನಿಮಗಿಂತಲೂ ಹಿಂದೆ ಹಡಗಿನಲ್ಲಿ ಬಂದವರು ನಮ್ಮ ಬೆಟ್ಟಗಳ ಗಿಡ ಒಯ್ದು ತಮ್ಮ ಗವರ್ನರುಗಳ, ಗೆಳೆಯರ ಹೆಸರಿಟ್ಟರು. ಎಲೆಯ ನರನರವನ್ನೂ ಬಣ್ಣದಲ್ಲಿ ಬಿಡಿಸಿಕೊಟ್ಟ ನಮ್ಮ ಚಿತ್ರಗಾರರು ಯಾರೆಂದು ಬಹಳ ಕಡೆ ಗುರುತೇ ಇಲ್ಲ. ಆದರೂ ಅವರು ಹೆಸರಿಟ್ಟ ಮೇಲೆ ಹೂವನ್ನು ತಿದ್ದಲು ಹೋಗಲಿಲ್ಲ. ನಮ್ಮಲ್ಲಿ ‘ಹೆಸರೊಪ್ಪ’ ಎಂಬ ಪದ್ಧತಿಯಿದೆ: ದೊಡ್ಡವರ ಹೆಸರು ಹೊತ್ತ ಗಿಡ ಆ ಹೆಸರಿಗೆ ಒಪ್ಪುವಂತಿರಬೇಕು, ಒಪ್ಪದಿದ್ದರೆ ಗಿಡವನ್ನೇ ತಿದ್ದಬಹುದು. ಸನ್ಮಾನದ ದಿನ ಅಧ್ಯಕ್ಷ ಹೂವನ್ನು ಮುಖಕ್ಕೆ ಹಿಡಿದು ಫೋಟೊ ತೆಗೆಸಿಕೊಳ್ಳುವಾಗ ಮೂಗುಪಟ್ಟಿ ಜಾರಿತು. ಹಾರದ ಮೇಲೆಯೇ ವಾಂತಿ ಮಾಡಿಕೊಂಡ. “ಯಾವ ಹೊಲಸು ತಂದು ನನ್ನ ಹೆಸರಿಗೆ ಕಟ್ಟೀರಲೇ,” ಎಂದು ಕೂಗಾಡಿದ. ಹೆಸರು ತೆಗೆಯಲಿಲ್ಲ, ನಾತ ತೆಗೆದರು. ಪ್ರಯೋಗಾಲಯದಲ್ಲಿ ತಿದ್ದಿದ ಗಿಡಗಳನ್ನು ಗುಡ್ಡಕ್ಕೆ ನೆಟ್ಟು ಹಳೆಯವನ್ನು ಬೇರುಸಹಿತ ಕಿತ್ತರು. ಹೋಗಿ ನೋಡಿದೆ. ಹೂವೇನೋ ಬಿಟ್ಟಿದೆ. ನೊಣವಿಲ್ಲ, ಒಂದು ಕಾಯಿಯೂ ಇಲ್ಲ. ಇವು ಒಣಗಿದರೆ ಮುಗಿಯಿತು. ಥೂ.

ಒಂದೇ ದಾರಿ ಉಳಿದಿದೆ. ‘ಪ್ರಯಾರಿಟಿ’ ಅಂತ ನಿಮ್ಮ ಕಾಲದ ನಿಯಮ, ಮೊದಲು ಅಚ್ಚಾದ ಹೆಸರೇ ಹೆಸರು. ಅದೊಂದನ್ನು ನಮ್ಮವರು ಇನ್ನೂ ಮುರಿದಿಲ್ಲ. ನಿಮ್ಮ ಕಾಲದಲ್ಲೂ ಆ ಗಿಡ ಅಲ್ಲೇ ಇರುತ್ತದೆ, ಮುಂಗಾರಿನ ಮೊದಲ ಮಳೆಯಾದ ಮೇಲೆ ಹೂ ಬಿಡುತ್ತದೆ. ಯಾರಾದರೂ ಹತ್ತಿ, ಒಂದು ರೆಂಬೆ ತಂದು ಒತ್ತಿ, ಹೆಸರಿಟ್ಟು ಅಚ್ಚು ಹಾಕಿಸಿ. ದೊಡ್ಡವರ ಹೆಸರು ಬೇಡ. ವರ್ಣನೆಯಲ್ಲಿ ‘ವಿಶಿಷ್ಟ ಪರಿಮಳ’ ಎಂದು ನಯವಾಗಿ ಬರೆಯಬೇಡಿ, ನಾರುತ್ತದೆ ಎಂದೇ ಬರೆಯಿರಿ. ಆಗ ಧರಣೇಂದ್ರಯ್ಯನ ಹೆಸರು ಬಿದ್ದುಹೋಗುತ್ತದೆ, ದೊಡ್ಡವರ ಹೆಸರಿಲ್ಲದ ಮೇಲೆ ಹೆಸರೊಪ್ಪದ ನೆಪದಲ್ಲಿ ಗಿಡವನ್ನು ಯಾರೂ ಮುಟ್ಟುವಂತಿಲ್ಲ.

ಹಾಗಾದರೆ ಹಾಲಮ್ಮ ಕಂಡದ್ದು ಹೊಸ ಗಿಡವಾಗಿ ಉಳಿಯುವುದಿಲ್ಲ. ತಾನೇ ಮೊದಲು ಕಂಡೆನೆಂದು ಅವಳು ಇಡೀ ಬೀದಿಗೆ ಹೇಳಿಕೊಂಡು ತಿರುಗಿದ್ದಳು. ಆ ಸಂಭ್ರಮ ಅವಳಿಗೆ ಸಿಕ್ಕೇ ಇರುವುದಿಲ್ಲ. ಬದುಕಿದ್ದರೆ ಈ ಕಾಗದಕ್ಕಾಗಿ ನನ್ನ ಹತ್ತಿರ ತಿಂಗಳುಗಟ್ಟಲೆ ಮಾತು ಬಿಡುತ್ತಿದ್ದಳು. ಬಿಡಲಿ. ನೀವು ಗುಡ್ಡ ಹತ್ತಿ.